ತಾಂಪೆರೆಗೆ ಒಯ್ದ ಮೂವತ್ತಾರು ಪಾಠಗಳು

ಡೊಂಬಿವಲಿ

ಫಿನ್ಲೆಂಡಿಗೆ ಹೋಗಿ ಬಂದವನನ್ನು ಡೊಂಬಿವಲಿಯಲ್ಲಿ ಎಲ್ಲರೂ ಕೇಳುವುದು ಮೂರೇ ಪ್ರಶ್ನೆ. ಚಳಿ ಎಷ್ಟಿತ್ತು, ಅನ್ನ ಸಿಕ್ಕಿತೇ, ಏನು ತಂದಿರಿ? ಮೊದಲ ಎರಡಕ್ಕೆ ಉತ್ತರ ಸುಲಭ. ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಷ್ಟು ಚಳಿ. ಅನ್ನ ಎರಡು ಸಲ ಸಿಕ್ಕಿತು. ಮೂರನೆಯದಕ್ಕೆ ಇಷ್ಟು ವರ್ಷ ‘ಚಾಕೊಲೇಟು’ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಸರಿಯಾಗಿ ಹೇಳಬೇಕಾದರೆ ಪ್ರೇಮಾ ಪೂಜಾರಿಯವರಿಂದ ಶುರು ಮಾಡಬೇಕು.

ಈ ಶತಮಾನದ ಎರಡನೆಯ ದಶಕ ಆಗಷ್ಟೇ ಶುರುವಾಗಿತ್ತು. ಕಲ್ಯಾಣದ ಆಚೆ, ರೈಲು ಹಳಿಗೆ ಬೆನ್ನು ಹಾಕಿ ನಿಂತ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಫಿಸಿಕ್ಸ್ ಕಲಿಸಿದ ಮೇಲೆ ನನ್ನನ್ನು ಶಿಕ್ಷಣ ತಂತ್ರಜ್ಞಾನ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದರು. ವಿಭಾಗ ಎಂದರೆ ಎರಡು ಕೋಣೆ, ಒಂದು ಕ್ಯಾಮೆರಾ, ಎರಡು ಕಂಪ್ಯೂಟರ್ ಮತ್ತು ನಾನು. ಅಧ್ಯಾಪಕರು ಹೊಸ ರೀತಿಯಲ್ಲಿ ಕಲಿಸುವುದಕ್ಕೆ ನೆರವಾಗಬೇಕು ಎಂದು ಆದೇಶದಲ್ಲಿ ಬರೆದಿತ್ತು. ನಾನು ಮಾಡುತ್ತಿದ್ದುದು ಬೇರೆ. ಯಾರು ಇನ್ನೂ ಪಾಠ ರೆಕಾರ್ಡ್ ಮಾಡಿಸಿಕೊಂಡಿಲ್ಲ ಎಂಬ ಪಟ್ಟಿಯನ್ನು ಪ್ರತಿ ಸೋಮವಾರ ಸ್ಟಾಫ್ ರೂಮಿನಲ್ಲಿ ಹಚ್ಚುತ್ತಿದ್ದೆ. ನಾನು ಬಂದರೆ ಸಹೋದ್ಯೋಗಿಗಳು, ಟಿಕೆಟ್ ಇಲ್ಲದವರು ಟಿ.ಸಿ.ಯನ್ನು ಕಂಡ ಹಾಗೆ, ಕಂಬದ ಮರೆಗೆ ಸರಿಯುತ್ತಿದ್ದರು.

ಪ್ರೇಮಾ ಮೊದಲ ವರ್ಷದವರಿಗೆ ಗಣಿತ ಕಲಿಸುತ್ತಿದ್ದರು. ಮನೆ ಕಳವಾದಲ್ಲಿ. ತಂದೆ ಕಾರ್ಕಳದ ಕಡೆಯವರು, ಠಾಣೆಯ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಮನೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ, ತರಗತಿಯಲ್ಲಿ ಅರ್ಧ ಇಂಗ್ಲಿಷ್ ಅರ್ಧ ಮರಾಠಿ. ಅವರು ಕ್ಲಾಕ್ ಅವರ್ ಶಿಕ್ಷಕಿ. ಅಂದರೆ ತಾಸಿಗೆ ಇಷ್ಟು ಎಂದು ಕಲಿಸುವವರು. ಪ್ರತಿ ಜೂನ್‌ನಲ್ಲಿ ಹೊಸ ಆರ್ಡರ್ ಬಂದರೆ ಕೆಲಸ ಉಂಟು, ಬಾರದಿದ್ದರೆ ಇಲ್ಲ. ಹೀಗೆ ಆರು ವರ್ಷ ಕಳೆದಿದ್ದವು. ಮರಾಠಿ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷಿಗೆ ಬೆದರುವ ಮಕ್ಕಳು ಬೇರೆ ಡಿವಿಜನ್‌ನಿಂದ ಬಂದು ಅವರ ತರಗತಿಯಲ್ಲಿ ನಿಂತು ಕೇಳುತ್ತಿದ್ದರು.

ಆದ್ದರಿಂದಲೇ ನಾನು ಅವರ ಬೆನ್ನು ಬಿದ್ದೆ. ತರಗತಿಯ ಹಿಂದುಗಡೆ ಕ್ಯಾಮೆರಾ ಇಟ್ಟು ಮೂವತ್ತಾರು ಪಾಠ ರೆಕಾರ್ಡ್ ಮಾಡಿದೆ. ಹಳಿ ಪಕ್ಕದ ಕಾಲೇಜಿನ ಪಾಡು ನಿಮಗೆ ಗೊತ್ತೇ ಇದೆ. ಕಸಾರಾ ಲೋಕಲ್ ಒಮ್ಮೆ, ಮೇಲ್ ಗಾಡಿ ಒಮ್ಮೆ, ಗೂಡ್ಸ್ ಬಂದರಂತೂ ಎರಡು ನಿಮಿಷ ಏನೂ ಕೇಳಿಸದು. ನಾನು ಸದ್ದನ್ನು ಸಹಿಸದ ಮನುಷ್ಯ. ಒಂದು ತಿಂಗಳು ಮನೆಯಲ್ಲಿ ಕುಳಿತು ಪ್ರತಿ ಗಾಡಿಯನ್ನೂ, ಗಾಡಿ ಹೋಗುವಾಗ ಪ್ರೇಮಾ ಸುಮ್ಮನೆ ನಿಂತ ಪ್ರತಿ ಕ್ಷಣವನ್ನೂ ಕತ್ತರಿಸಿ ತೆಗೆದೆ. ಒಂದು ತಾಸಿನ ಪಾಠ ಮೂವತ್ತೈದು ನಿಮಿಷಕ್ಕೆ ಇಳಿಯಿತು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆಗಿದೆ ಎಂದು ಹೆಂಡತಿ ವಸುಧಾಳನ್ನು ಕರೆದು ತೋರಿಸಿದೆ. ಪ್ರೇಮಾಗೆ ಮೊದಲ ಸಿಡಿ ಕೊಟ್ಟ ಮಾರನೆಯ ದಿನ ಅವರು ಬಂದು, “ಇದು ನಾನೇ ಹೌದಾ ಸರ್?” ಎಂದು ನಕ್ಕರು. ಹೊಗಳಿಕೆ ಎಂದುಕೊಂಡೆ.

ಅದೇ ವರ್ಷ ಗಣಿತಕ್ಕೆ ಒಂದು ಪರ್ಮನೆಂಟ್ ಹುದ್ದೆ ಮಂಜೂರಾಯಿತು. ಕಾಲೇಜು ನಡೆಸುವ ಸಂಸ್ಥೆಯ ವಾಶಿ ಕಚೇರಿಯವರು ಅಭ್ಯರ್ಥಿಗಳ ರೆಕಾರ್ಡ್ ಆದ ಪಾಠಗಳನ್ನೇ ತರಿಸಿ ನೋಡಿದರು. ಪ್ರೇಮಾ ಬಗ್ಗೆ ‘ಓಡುತ್ತಾರೆ, ವಿದ್ಯಾರ್ಥಿಗಳಿಗಾಗಿ ಕಾಯುವುದಿಲ್ಲ’ ಎಂದು ಬರೆದರು. ಕೊನೆಯ ಮೀಟಿಂಗ್ ತಿಂಗಳ ಕೊನೆಗೆ ಎಂದು ಪ್ರಿನ್ಸಿಪಾಲರು ಹೇಳಿದಾಗ ನಾನು, “ಪಾಪ, ಕ್ಯಾಮೆರಾ ನೋಡಿ ಗಾಬರಿಯಾಗಿರಬೇಕು,” ಎಂದೆ. ಹಾಗೆ ಹೇಳಿ ವೀಸಾದ ಕಾಗದ ಜೋಡಿಸಲು ಹೋದೆ. ಫಿನ್ಲೆಂಡಿನ ತಾಂಪೆರೆ ಎಂಬ ಊರಿನ ಒಂದು ವಿಶ್ವವಿದ್ಯಾಲಯ, ಅಧ್ಯಾಪಕರಿಗೆ ನಾವು ಹೇಗೆ ನೆರವಾಗುತ್ತೇವೆ ನೋಡಿ, ನಿಮ್ಮದನ್ನೂ ತೋರಿಸಿ ಎಂದು ಎಂಟು ದಿನಕ್ಕೆ ನನ್ನನ್ನು ಕರೆದಿತ್ತು. ತೋರಿಸುವುದಕ್ಕೆ ನನ್ನ ಹತ್ತಿರ ಇದ್ದದ್ದು ಆ ಮೂವತ್ತಾರು ಪಾಠಗಳೇ.

ಹೆಲ್ಸಿಂಕಿಯಿಂದ ರೈಲು

ಮಾರ್ಚ್ ತಿಂಗಳು. ಊರಲ್ಲಿ ಬೆವರು ಶುರುವಾಗಿತ್ತು, ಇಲ್ಲಿ ಹೊಲಗಳೆಲ್ಲ ಹಿಮದ ಕೆಳಗೆ ಮಲಗಿದ್ದವು. ಬೋಗಿಯಲ್ಲಿ ಮೂವತ್ತು ಜನ ಇದ್ದರೂ ಒಬ್ಬರೂ ಮಾತಾಡುತ್ತಿರಲಿಲ್ಲ. ಯಾರಾದರೂ ಸತ್ತಿದ್ದಾರೆಯೇ ಎಂದು ಅನುಮಾನ ಬರುವಷ್ಟು ಮೌನ. ಪಕ್ಕದ ಮುದುಕನಿಗೆ ನನ್ನ ಊರು, ಕೆಲಸ, ಮಗಳ ಮದುವೆ ಎಲ್ಲ ಹೇಳಿದೆ. ಅವನು ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡ. ಉತ್ತರ ಬರಲಿಲ್ಲವೆಂದು ಪುಸ್ತಕ ತೆಗೆದು ಎರಡು ಪುಟ ಓದಿದ ಮೇಲೆ ಅವನು, “ನಿಮ್ಮ ಮಗಳು ಸುಖವಾಗಿರಲಿ,” ಎಂದ.

ತಾಂಪೆರೆ ಬರಲು ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ನಾನು ಎದ್ದು, ಪೆಟ್ಟಿಗೆ ಎಳೆದುಕೊಂಡು, ಬಾಗಿಲ ಬಳಿ ಭುಜ ಮುಂದೆ ಮಾಡಿ ನಿಂತೆ. ಡೊಂಬಿವಲಿಯಲ್ಲಿ ಇಳಿಯುವವನು ಕಳವಾ ದಾಟುವ ಮೊದಲೇ ಬಾಗಿಲಿಗೆ ಬರದಿದ್ದರೆ ಕಲ್ಯಾಣದಲ್ಲೇ ಇಳಿಯಬೇಕು. ಈ ದೇಹಕ್ಕೆ ಬೇರೆ ಏನೂ ಗೊತ್ತಿಲ್ಲ. ಒಬ್ಬ ಹೆಂಗಸು ಬಂದು ಮೃದುವಾಗಿ, “ನಿಮಗೆ ಹುಷಾರಿಲ್ಲವೇ?” ಎಂದು ಕೇಳಿದಳು. ಗಾಳಿ ಬೇಕಿತ್ತು ಎಂದು ಸುಳ್ಳು ಹೇಳಿದೆ. ರೈಲು ನಿಂತಾಗ ಆ ಬಾಗಿಲಿನಿಂದ ಇಳಿದವರು ನಾನು ಮತ್ತು ಒಂದು ಮಗು ಹೊತ್ತ ತಾಯಿ, ಇಬ್ಬರೇ.

ತಾಂಪೆರೆ, ಮೊದಲ ದಿನ

ನನ್ನನ್ನು ನೋಡಿಕೊಳ್ಳಬೇಕಾದವರು ಮಾರ್ಯತ್ತಾ. ಅರುವತ್ತರ ಹತ್ತಿರದ ಹೆಂಗಸು, ಮೊದಲು ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಈಗ ಅಧ್ಯಾಪಕರ ನೆರವಿನ ವಿಭಾಗದಲ್ಲಿ. ಅವರ ಕೋಣೆಯ ಬಾಗಿಲಲ್ಲಿ ಬೂಟುಗಳ ಸಾಲು ಕಂಡು ನನಗೆ ಊರಿಗೆ ಬಂದಷ್ಟು ಖುಷಿಯಾಯಿತು. ಪರದೇಶದಲ್ಲೂ ಚಪ್ಪಲಿ ಹೊರಗೆ ಬಿಡುವ ಜನ ಇದ್ದಾರಲ್ಲ ಎಂದು ಬೂಟು ಬಿಚ್ಚಿದರೆ ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿತು. ಇಡೀ ಬೆಳಿಗ್ಗೆ ಒಂದು ಕಾಲಿನ ಮೇಲೆ ಇನ್ನೊಂದನ್ನು ಇಟ್ಟು ಕುಳಿತೆ. ಯಾರೂ ಏನೂ ಅನ್ನಲಿಲ್ಲ. ಮಾರನೆಯ ದಿನ ನನ್ನ ಕುರ್ಚಿಯ ಮೇಲೆ ಒಂದು ಜೊತೆ ಉಣ್ಣೆಯ ಕಾಲುಚೀಲ ಇತ್ತು.

ಅಲ್ಲಿ ಹನ್ನೊಂದಕ್ಕೇ ಊಟ. ಬೇಯಿಸಿದ ಆಲೂಗಡ್ಡೆ ಮತ್ತು ಹಲಗೆಯಂಥ ಕರಿ ಬ್ರೆಡ್ಡು. ನಾನು ವಸುಧಾ ಕಟ್ಟಿಕೊಟ್ಟ ಚಟ್ನಿಪುಡಿ ತೆಗೆದೆ. ಮಾರ್ಯತ್ತಾ ಒಂದು ಚಮಚ ತುಂಬ ಹಾಕಿಕೊಂಡು ತಿಂದರು. ಕಣ್ಣಲ್ಲಿ ನೀರು ಬಂತು. ನಾನು, “ಖಾರವಾಯಿತೇ, ನೀರು ಕುಡಿಯಿರಿ, ಸಕ್ಕರೆ ತಿನ್ನಿ,” ಎನ್ನುತ್ತಲೇ ಇದ್ದೆ. ಅವರು ಎಲ್ಲ ನುಂಗಿ, ಕಣ್ಣು ಒರೆಸಿಕೊಂಡು, “ಚೆನ್ನಾಗಿದೆ,” ಎಂದರು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ, “ನೀವು ಪ್ರಶ್ನೆ ಕೇಳುತ್ತೀರಿ, ಉತ್ತರವನ್ನೂ ನೀವೇ ಕೊಡುತ್ತೀರಿ,” ಎಂದರು. ನಿಂದೆಯ ದನಿ ಇರಲಿಲ್ಲ. ನಾನು ನಕ್ಕುಬಿಟ್ಟೆ.

ಅವರ ಕೆಲಸದ ರೀತಿ ಕೇಳಿ ಒಳಗೊಳಗೇ ಇನ್ನೂ ನಗು ಬಂತು. ಒಬ್ಬ ಅಧ್ಯಾಪಕ ನೆರವು ಕೇಳಿ ಬಂದರೆ ಇವರು ಮೊದಲ ಕೆಲವು ವಾರ ಏನೂ ಕೊಡುವುದಿಲ್ಲ. ಅವನ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕೂರುತ್ತಾರೆ. ಅಧ್ಯಾಪಕ ಏನು ಮಾಡುತ್ತಾನೆ ಎಂದು ಬರೆಯುವುದಿಲ್ಲ. ಆಗ ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ ಎಂದು ಬರೆಯುತ್ತಾರೆ. ಅದನ್ನು ಅಧ್ಯಾಪಕನಿಗೆ ಮಾತ್ರ ತೋರಿಸಿ, ಇದಕ್ಕೆ ಯಾವ ಯಂತ್ರ ಬೇಕು, ಬೇಕೇ ಬೇಡವೇ ಎಂದು ಅವನನ್ನೇ ಕೇಳುತ್ತಾರೆ. ಈ ವೇಗದಲ್ಲಿ ಹೋದರೆ ಕಲ್ಯಾಣದಲ್ಲಿ ನಾನು ರಿಟೈರ್ ಆಗುವವರೆಗೆ ನಾಲ್ಕು ಜನರನ್ನೂ ಮುಗಿಸುವುದಿಲ್ಲ ಎಂದುಕೊಂಡೆ.

ತಾಂಪೆರೆ, ಮೂರನೆಯ ದಿನ

ನನ್ನ ಸರದಿ. ಆರು ಜನ ಅಧ್ಯಾಪಕರು, ಮಾರ್ಯತ್ತಾ, ಒಂದು ಬಿಳಿ ಪರದೆ. ನಾನು ಜಾಣತನದಿಂದ ಒಂದು ಯೋಜನೆ ಹಾಕಿಕೊಂಡಿದ್ದೆ. ಮೂವತ್ತಾರು ಪಾಠಗಳಲ್ಲಿ ಒಂದರ ಮೂಲ ರೆಕಾರ್ಡಿಂಗನ್ನು ಕತ್ತರಿಸದೆ ಉಳಿಸಿಕೊಂಡಿದ್ದೆ. ಉಳಿದ ಮೂವತ್ತೈದರ ಮೂಲವನ್ನು ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅಳಿಸಿಹಾಕಿದ್ದೆ. ಮೊದಲು ಗಾಡಿಯ ಗದ್ದಲವಿರುವ ಮೂಲ ತೋರಿಸುವುದು, ಎಲ್ಲರೂ ನಕ್ಕ ಮೇಲೆ ನನ್ನ ಕೈಚಳಕ ತೋರಿಸುವುದು ಎಂದು ಲೆಕ್ಕ.

ಮೂಲ ಹಚ್ಚಿದೆ. ಪ್ರೇಮಾ ಬೋರ್ಡಿನ ಮುಂದೆ, ಎಪ್ಪತ್ತು ಮಕ್ಕಳು, ತಲೆಯ ಮೇಲೆ ಫ್ಯಾನು. ಹತ್ತು ನಿಮಿಷದಲ್ಲಿ ಎರಡು ಗಾಡಿ ಹೋದವು. ಯಾರೂ ನಗಲಿಲ್ಲ. ಪಾಠ ಅಲ್ಲಿಗೆ ನಿಲ್ಲಿಸಿದೆ. ಬಾಯಿ ತೆರೆಯದಿರಲು ನಾನು ನಾಲಗೆ ಕಚ್ಚಿಕೊಂಡೆ.

ಕೊನೆಗೆ ಯೂಹಾ ಎಂಬ ಗಣಿತದ ಅಧ್ಯಾಪಕ, ಇನ್ನೂ ಹುಡುಗ, ಕೇಳಿದ: “ರೈಲು ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆಯೇ?”

ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹಾಕಿ ಎಂದ. ಹಾಕಿದೆ. ಅವರಿಗೆ ನಮ್ಮ ಮರಾಠಿಯಾಗಲಿ, ಮುಂಬಯಿಯ ಇಂಗ್ಲಿಷಾಗಲಿ ತಿಳಿಯುತ್ತಿರಲಿಲ್ಲ. ಮಾತು ತಿಳಿಯದ್ದರಿಂದ ಅವರು ಯಾರು ಏನು ಮಾಡುತ್ತಿದ್ದಾರೆ ಎಂಬುದನ್ನೇ ನೋಡಿದ್ದರು. ನಾನು ಮೂವತ್ತು ದಿನ ಅದೇ ಪಾಠ ನೋಡಿದವನು, ಅವತ್ತು ಅವರ ಜೊತೆ ಮೊದಲ ಸಲ ನೋಡಿದೆ.

ಪ್ರೇಮಾ ಕೈಗಡಿಯಾರದ ಮೇಲೆ ಒಂದು ಕಣ್ಣು ಹಾಯಿಸುತ್ತಾರೆ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತಾರೆ. ಬರೆದು ಚಾಕ್ ಕೆಳಗಿಡುತ್ತಾರೆ. ಅಷ್ಟರಲ್ಲಿ ಕಸಾರಾ ಲೋಕಲ್ ಬರುತ್ತದೆ. ಬೇರೆ ಯಾವ ತರಗತಿಯಲ್ಲಾದರೂ ಆಗ ಮಕ್ಕಳು ಹರಟೆ ಹೊಡೆಯುತ್ತಾರೆ, ಅಧ್ಯಾಪಕರು ಮುಖ ಸಿಂಡರಿಸಿ ಕಿಟಕಿ ನೋಡುತ್ತಾರೆ. ಇಲ್ಲಿ ಎಪ್ಪತ್ತು ತಲೆ ಒಟ್ಟಿಗೆ ನೋಟ್‌ಬುಕ್ಕಿಗೆ ಬಾಗುತ್ತವೆ. ಪ್ರೇಮಾ ಬೆಂಚುಗಳ ನಡುವೆ ನಡೆಯುತ್ತಾರೆ, ಒಬ್ಬನ ಪುಟದ ಮೇಲೆ ಬೆರಳಿಡುತ್ತಾರೆ, ಇನ್ನೊಬ್ಬಳ ಬೆನ್ನು ತಟ್ಟುತ್ತಾರೆ. ಅವರು ಏನೂ ಹೇಳುವಂತಿಲ್ಲ, ಹೇಳಿದರೂ ಕೇಳಿಸದು. ಗಾಡಿ ಹೋದ ಮೇಲೆ ಹಿಂದಿನ ಬೆಂಚಿನ ಒಬ್ಬಳನ್ನು ಕೈ ತೋರಿಸಿ ಎಬ್ಬಿಸುತ್ತಾರೆ. ಅವಳು ಉತ್ತರ ಹೇಳುತ್ತಾಳೆ.

ಕಾಲೇಜಿನ ನಾವೆಲ್ಲ ವರ್ಷಗಟ್ಟಲೆ ಶಪಿಸಿದ ಗಾಡಿಗಳ ಟೈಮ್‌ಟೇಬಲ್‌ಗೆ ಸರಿಯಾಗಿ ಅವರು ತಮ್ಮ ಪಾಠ ಹೊಂದಿಸಿಕೊಂಡಿದ್ದರು. ದಿನಾ ಕಳವಾದಿಂದ ಓಡಾಡುವವರಿಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಎಂದು ಬಾಯಿಪಾಠ. ಇಂಗ್ಲಿಷಿಗೆ ಹೆದರುವ ಮಕ್ಕಳಿಗೆ ಯಾರೂ ಕೇಳಿಸಿಕೊಳ್ಳದ, ಯಾರೂ ನಗದ ಎರಡು ನಿಮಿಷ ಅವರು ತಾಸಿಗೆ ಹತ್ತು ಹನ್ನೆರಡು ಸಲ ಕೊಡುತ್ತಿದ್ದರು. ಅವರ ಪಾಠ ಇದ್ದದ್ದೇ ಅಲ್ಲಿ. ನಾನು ಅದನ್ನೇ ಕಲ್ಲು ಎಂದು ಆರಿಸಿ ಎಸೆದಿದ್ದೆ. ನನ್ನ ಸಿಡಿಯಲ್ಲಿ ಪ್ರೇಮಾ ಲೆಕ್ಕ ಬರೆದ ಮರುಕ್ಷಣವೇ ಉತ್ತರ ಬರುತ್ತದೆ. ಓಡುತ್ತಾರೆ, ಕಾಯುವುದಿಲ್ಲ. ವಾಶಿಯವರು ಬರೆದದ್ದು ಸುಳ್ಳಲ್ಲ. ಅವರು ನೋಡಿದ್ದು ಪ್ರೇಮಾರನ್ನಲ್ಲ, ನನ್ನನ್ನು.

“ಕತ್ತರಿಸಿದ್ದನ್ನೂ ತೋರಿಸುತ್ತೀರಾ?” ಎಂದು ಮಾರ್ಯತ್ತಾ ಕೇಳಿದರು.

ಬೇಡ ಎಂದೆ. ವಿಷಯ ಹೇಳಿದೆ, ಹುದ್ದೆಯದ್ದೂ ಹೇಳಿದೆ.

“ಕತ್ತರಿಸುವ ಮೊದಲು ಅವರನ್ನು ಕೇಳಿದ್ದಿರಾ?”

“ಇಲ್ಲ.”

ಮಾರ್ಯತ್ತಾ ಎದ್ದರು. ತಮ್ಮ ಕೋಣೆಗೆ ಕರೆದೊಯ್ದು, ಮೇಜಿನ ಫೋನನ್ನು ನನ್ನ ಕಡೆ ತಳ್ಳಿ, ಬಾಗಿಲು ಎಳೆದುಕೊಂಡು ಹೊರಗೆ ಹೋದರು.

ಫೋನು

ಪ್ರೇಮಾ ಕಲ್ಯಾಣ ಸ್ಟೇಷನ್ನಿನಲ್ಲಿದ್ದರು. ಹಿಂದಿನಿಂದ ಅನೌನ್ಸ್‌ಮೆಂಟ್ ಕೇಳುತ್ತಿತ್ತು. ನಾನು ಕಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ.

“ಗೊತ್ತುಂಟು ಸರ್,” ಎಂದರು. “ಫಸ್ಟ್ ಸಿಡಿ ಕೊಟ್ಟಿರಲ್ಲ, ಅವತ್ತೇ ಗೊತ್ತಾಯ್ತು.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ಎಂತ ಹೇಳುದು ಸರ್. ನೀವು ಒಂದು ತಿಂಗ್ಳು ಕೂತು ಮಾಡಿದ್ದು. ಅಷ್ಟು ಖುಷಿಯಲ್ಲಿದ್ರಿ. ನಾನು ಕ್ಲಾಕ್ ಅವರ್‌ನವಳು. ನಿಮ್ಗೆ ಬೇಜಾರಾಗಿ ಜೂನ್‌ನಲ್ಲಿ ಆರ್ಡರ್ ಬಾರದಿದ್ರೆ?”

“ನಾನು ಅಂಥವನಾ ಪ್ರೇಮಾ?”

“ಅಲ್ಲ ಸರ್. ಆದ್ರೆ ಸೋಮವಾರ ಪಟ್ಟಿ ಹಚ್ಚುದು ನೀವೇ ಅಲ್ವಾ?”

ಪ್ರಿನ್ಸಿಪಾಲರಿಗೆ ಈಗಲೇ ಬರೆಯುತ್ತೇನೆ ಎಂದೆ. “ಬರೀರಿ ಸರ್. ನಂಗೆ ಆ ಪೋಸ್ಟ್ ಬೇಕು. ಇನ್ನು ಎಷ್ಟು ವರ್ಷ ಜೂನ್‌ಗೆ ಕಾಯುದು,” ಎಂದರು. ಅಷ್ಟರಲ್ಲಿ ಗಾಡಿ ಬಂತು, ಫೋನಿಟ್ಟರು.

ಅಲ್ಲೇ ಕುಳಿತು ಪ್ರಿನ್ಸಿಪಾಲರಿಗೆ ಇ-ಮೇಲ್ ಬರೆದೆ. ತಪ್ಪು ಶಿಕ್ಷಕಿಯದ್ದಲ್ಲ, ನನ್ನದು. ದಯವಿಟ್ಟು ಮೀಟಿಂಗನ್ನು ನಾನು ಬರುವವರೆಗೆ ತಡೆಯಿರಿ ಎಂದು. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ಮಾರ್ಯತ್ತಾ ಜೊತೆ ಬೇರೆಯವರ ತರಗತಿಗಳ ಕೊನೆಯ ಬೆಂಚಿನಲ್ಲಿ ಕುಳಿತೆ. ಅವರು ಹೆಪ್ಪುಗಟ್ಟಿದ ಕೆರೆಯ ಮೇಲೆ ಜನ ನಾಯಿ ಹಿಡಿದು ನಡೆಯುವುದನ್ನು ತೋರಿಸಿದರು, ನಾನೂ ಅಂಜುತ್ತಾ ಹತ್ತು ಹೆಜ್ಜೆ ನಡೆದೆ. ಮನಸ್ಸು ಅಲ್ಲಿರಲಿಲ್ಲ. ಮೂರನೆಯ ದಿನ ಎರಡು ಸಾಲು ಬಂತು: ಮೀಟಿಂಗ್ ಹೇಳಿದ್ದಕ್ಕಿಂತ ಮೊದಲೇ ಮುಗಿದಿದೆ, ಬನ್ನಿ, ಮಾತಾಡೋಣ.

ವಾಶಿ

ವಿಮಾನ ಇಳಿದ ಮಾರನೆಯ ದಿನವೇ ಲ್ಯಾಪ್‌ಟಾಪ್ ಹಿಡಿದು ವಾಶಿಗೆ ಹೋದೆ. ಸಂಸ್ಥೆಯ ಕಾರ್ಯದರ್ಶಿ ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿ, ಮೂಲ ರೆಕಾರ್ಡಿಂಗನ್ನು ಎರಡು ಗಾಡಿ ಹೋಗುವವರೆಗೂ ಕುಳಿತು ನೋಡಿದರು. ಆಮೇಲೆ ಹಿಂದಿಯಲ್ಲಿ, “ಆಪ್ ಕೀ ಬಾತ್ ಸಮಝ್ ಗಯಾ,” ಎಂದರು. “ಬಾಕೀ ಕಹಾಂ ಹೈ?”

ನಿಮ್ಮ ಮಾತು ತಿಳಿಯಿತು, ಉಳಿದವು ಎಲ್ಲಿ ಎಂದು ಕೇಳಿದ್ದು. ಅಳಿಸಿದೆ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತೈದು ಪಾಠ ಒಂದು ಮಾತು ಹೇಳುತ್ತವೆ, ಒಂದು ಪಾಠ ಇನ್ನೊಂದು ಹೇಳುತ್ತದೆ. ಫೈಲಿನಲ್ಲಿ ಇರುವುದನ್ನು ಬಿಟ್ಟು ಕಮಿಟಿ ಏನು ಮಾಡಲಿ ಎಂದರು. ಹುದ್ದೆ ನಾಸಿಕದ ಕಡೆಯ ಒಬ್ಬರಿಗೆ ಹೋಗಿತ್ತು, ಪತ್ರಕ್ಕೆ ಸಹಿಯೂ ಆಗಿತ್ತು. ಪ್ರೇಮಾಗೆ ಜೂನ್‌ನಲ್ಲಿ ಕ್ಲಾಕ್ ಅವರ್ ಕೊಡಲು ಅಡ್ಡಿಯಿಲ್ಲ ಎಂದು ಉದಾರವಾಗಿ ಹೇಳಿದರು.

ಕಳವಾ

ಸುದ್ದಿಯನ್ನು ನಾನೇ ಹೇಳಬೇಕೆಂದು ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ಗೋಡೆಯ ಉದ್ದಕ್ಕೂ ಪುಸ್ತಕ. ಪ್ರೇಮಾಗೆ ಸುದ್ದಿ ಆಗಲೇ ತಲುಪಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ತಂದೆಗೆ ತಲುಪಿರಲಿಲ್ಲ. ಆ ಹಿರಿಯರು ನನ್ನ ಎರಡೂ ಕೈ ಹಿಡಿದು ಮಂಚದ ಮೇಲೆ ಕೂರಿಸಿದರು.

“ಬನ್ನಿ ಮಾಷ್ಟ್ರೆ. ನಿಮ್ಮ ದಯೆ. ನಮ್ಮ ಮಗಳ ಪಾಠ ಫಾರಿನಿಗೆ ಹೋಯ್ತಂತಲ್ಲ. ಹೋಟೆಲಲ್ಲಿ ಎಲ್ರಿಗೂ ಹೇಳಿದ್ದೇನೆ,” ಎಂದರು. “ಅಲ್ಲಿಯವ್ರು ಎಂತ ಹೇಳಿದ್ರು?”

ನಾನು ಪ್ರೇಮಾರ ಕಡೆ ನೋಡಿದೆ. ಅವರು ಚಹಾದ ಪಾತ್ರೆಯ ಮೇಲಿಂದ ತಲೆ ಎತ್ತಲಿಲ್ಲ.

“ಇಂಥ ಟೀಚರನ್ನು ನೋಡಿಲ್ಲ ಅಂದ್ರು,” ಎಂದೆ. ಅದು ಸುಳ್ಳಾಗಿರಲಿಲ್ಲ, ನಾನು ಹೊರಡುವ ದಿನ ಯೂಹಾ ಹೇಳಿದ್ದ ಮಾತು. ಹಿರಿಯರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಪ್ರೇಮಾ ಕೊಟ್ಟ ಚಹಾ ಕುಡಿದು ಎದ್ದೆ.

ಮೆಟ್ಟಿಲವರೆಗೆ ಕಳಿಸಲು ಬಂದ ಪ್ರೇಮಾ, “ಅಪ್ಪನಿಗೆ ನಾನೇ ಹೇಳ್ತೇನೆ ಸರ್, ಸ್ವಲ್ಪ ದಿನ ಹೋಗ್ಲಿ,” ಎಂದರು. ಜೂನ್‌ಗೆ ಬರುತ್ತೀರಲ್ಲ ಎಂದು ಕೇಳಿದೆ. ಇಲ್ಲ ಎಂದರು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನವಾಗುತ್ತಿತ್ತು. ಟಿಟ್ವಾಳಾದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಮಾತಾಗಿತ್ತಂತೆ.

ಕಲ್ಯಾಣ, ಮತ್ತೆ

ಪಟ್ಟಿ ಹಚ್ಚುವುದನ್ನು ಬಿಟ್ಟೆ. ಕೊನೆಯ ಬೆಂಚಿನಲ್ಲಿ ಕೂರುವುದನ್ನು ಶುರು ಮಾಡಿದೆ. ಮೊದಲು ಎಲ್ಲರೂ ಇದೇನು ಹೊಸ ಬಗೆಯ ಪತ್ತೇದಾರಿ ಎಂದು ಹೆದರಿದರು. ಒಂದು ವರ್ಷದ ಮೇಲೆ ಇಬ್ಬರು ತಾವಾಗಿಯೇ ಕರೆದರು.

ಆ ಮೂವತ್ತಾರು ಪಾಠಗಳು ಕಾಲೇಜಿನ ಸೊತ್ತು. ತೆಗೆದುಬಿಡಿ ಎಂದು ನಾನು ಎರಡು ಸಲ ಬರೆದೆ, ಒಪ್ಪಲಿಲ್ಲ. ಹೊಸ ಮಕ್ಕಳು ಪ್ರತಿ ವರ್ಷ ಅವನ್ನು ಲ್ಯಾಬಿನಲ್ಲಿ ಕುಳಿತು ನೋಡುತ್ತಾರೆ, ಕೆಳಗೆ ಪ್ರೇಮಾರ ಹೆಸರಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಕಡೆಗೆ ಯಾರನ್ನೂ ಕೇಳದೆ ಪ್ರತಿ ಪಾಠದ ಮೊದಲಿಗೆ ಒಂದು ಫಲಕ ಸೇರಿಸಿದೆ: ‘ಈ ಶಿಕ್ಷಕಿ ಪ್ರತಿ ಲೆಕ್ಕಕ್ಕೂ ವಿದ್ಯಾರ್ಥಿಗಳಿಗೆ ಸಮಯ ಕೊಡುತ್ತಿದ್ದರು. ಆ ಸಮಯವನ್ನು ನಾನು ಕತ್ತರಿಸಿದ್ದೇನೆ. ಅವರು ಚಾಕ್ ಕೆಳಗಿಟ್ಟಾಗ ನೀವು ಪಾಠ ನಿಲ್ಲಿಸಿ, ಲೆಕ್ಕ ಮಾಡಿ, ಆಮೇಲೆ ಮುಂದೆ ಹೋಗಿ.’ ಕೆಳಗೆ ನನ್ನ ಹೆಸರು, ಹುದ್ದೆ. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದೆ.

ಹೋದ ತಿಂಗಳು ಮೊದಲ ವರ್ಷದ ಒಬ್ಬಳು ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಫಲಕ ಹೇಳಿದಂತೆ ನಿಲ್ಲಿಸಿ ನಿಲ್ಲಿಸಿ ಹತ್ತು ಪಾಠ ಮುಗಿಸಿದ್ದಳಂತೆ, ಗಣಿತ ಈಗ ಬರುತ್ತದಂತೆ. ಈ ಮ್ಯಾಡಮ್ ಯಾವ ಡಿವಿಜನ್‌ಗೆ ಕಲಿಸುತ್ತಾರೆ, ಅಲ್ಲಿಗೆ ಹೋಗಿ ಕೂರಬಹುದೇ ಎಂದು ಮರಾಠಿಯಲ್ಲಿ ಕೇಳಿದಳು.

ಅವರು ಈಗ ಇಲ್ಲಿ ಇಲ್ಲ ಎಂದೆ.

“ಕಾ ಸರ್?” ಯಾಕೆ ಎಂದು ಕೇಳಿದಳು. “ಇತಕ್ಯಾ ಚಾಂಗಲ್ಯಾ ಮ್ಯಾಡಮ್, ಕಾ ಗೇಲ್ಯಾ?” ಇಷ್ಟು ಒಳ್ಳೆಯವರು ಯಾಕೆ ಹೋದರು?

ಫಲಕದ ಮೇಲಿದ್ದ ಹೆಸರು ನನ್ನದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಕೂತುಕೋ ಎಂದೆ. ಅವಳು ಕೂತಳು. ಆಮೇಲೆ ಹೇಳಿದೆ, ನನ್ನಿಂದ ಎಂದು.